ಬಸುರಾದ ನೀರು

“ಈ ಪಟ್ಟಿ ಮೂತ್ರದ ಮುಖವನ್ನೇ ನೋಡಿಲ್ಲ, ತೇಜಸ್ವಿನಿ.”

ಡಾಕ್ಟರ್ ಕಾವ್ಯ ಹಾಗಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಸ್ಪತ್ರೆಯ ಕಿಟಕಿಯಾಚೆ ಚಿತ್ರದುರ್ಗದ ಬಂಡೆಗಳು ಬೆಳಗಿನ ಬಿಸಿಲಿಗೆ ಆಗಲೇ ಕಾಯತೊಡಗಿದ್ದವು.

ಸಬ್ ಇನ್ಸ್‌ಪೆಕ್ಟರ್ ತೇಜಸ್ವಿನಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಅನ್ನಿಸಿತು. “ಅಂದ್ರೆ?”

“ಅಂದ್ರೆ, ಇದನ್ನ ಅದ್ದಿದ್ದು ಮೂತ್ರದಲ್ಲಲ್ಲ. ತುದಿ ಕತ್ತರಿಸಿ ವಿಧಿವಿಜ್ಞಾನದವರಿಗೆ ಕಳಿಸಿದ್ವಲ್ಲ, ಉತ್ತರ ಬಂದಿದೆ. ಮೂತ್ರ ಅಂದಮೇಲೆ ಒಣಗಿದ್ರೂ ಅದರ ಯೂರಿಯಾ ಉಳೀಬೇಕು, ಉಪ್ಪು ಉಳೀಬೇಕು. ಇದರಲ್ಲಿ ಅದೇನೂ ಇಲ್ಲ.”

ಪ್ಲಾಸ್ಟಿಕ್ ಕವರಿನೊಳಗೆ ಆ ಬಸುರು ಪರೀಕ್ಷೆಯ ಪಟ್ಟಿ ಮಲಗಿತ್ತು. ಐಸ್‌ಕ್ರೀಮಿನ ಕಡ್ಡಿಗಿಂತ ಸಣ್ಣದು, ತೆಳ್ಳಗಿನದು. ನಡುವೆ ಅಕ್ಕಪಕ್ಕ ಎರಡು ಕೆಂಪು ಗೆರೆ.

ಹರಿಯಬ್ಬೆಯ ಓಬಯ್ಯನ ಮಗಳು ದೀಪಾಳ ಹೆಣ ಬಾವಿಯಲ್ಲಿ ತೇಲಿದ ದಿನ, ಕಟ್ಟೆಯ ಮೇಲಿದ್ದ ಅವಳ ಬ್ಯಾಗಿನಲ್ಲಿ ಸಿಕ್ಕಿದ್ದು ಈ ಪಟ್ಟಿಯೇ. ಎರಡು ಗೆರೆ ನೋಡಿದ ಊರು ಆ ಕ್ಷಣವೇ ತೀರ್ಪು ಕೊಟ್ಟುಬಿಟ್ಟಿತ್ತು. ಮದುವೆಗೆ ಮುಂಚೆ ಬಸುರಾದಳು, ಮಾನಕ್ಕೆ ಅಂಜಿ ಬಿದ್ದಳು. ಅವಳ ಜೊತೆ ಮದುವೆಯ ಮಾತಾಗಿದ್ದ ಜವನಗೊಂಡನಹಳ್ಳಿಯ ರಂಗೇಶ್, ಅವಳ ಸಾವಿಗೆ ಕಾರಣ ಅನ್ನುವ ಗುಮಾನಿಯ ಮೇಲೆ, ಈಗ ಹಿರಿಯೂರು ಠಾಣೆಯ ಲಾಕಪ್ಪಿನಲ್ಲಿದ್ದ. ಇವತ್ತು ಸಂಜೆಯೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು ಅಂತ ಮೇಲಿನಿಂದ ಆಜ್ಞೆ ಬಂದಿತ್ತು.

ಆದರೆ ಶವಪರೀಕ್ಷೆ ಮಾಡಿದ್ದು ಇದೇ ಕಾವ್ಯ. ದೀಪಾಳ ಗರ್ಭಕೋಶದಲ್ಲಿ ಏನೂ ಇರಲಿಲ್ಲ. ಬಸುರಿನ ಸುಳಿವೂ ಇರಲಿಲ್ಲ. ಅವಳ ತಲೆಯ ಹಿಂದೆ ಮಾತ್ರ ಒಂದು ಪೆಟ್ಟಿತ್ತು. ಕಲ್ಲಿಗೆ ತಗುಲಿದ್ದೋ, ಕಲ್ಲೇ ಬಂದು ತಗುಲಿದ್ದೋ ಹೇಳಲಾಗದಂಥ ಪೆಟ್ಟು.

“ಹೊತ್ತು ಮೀರಿದ್ರೆ ಸುಳ್ಳು ಗೆರೆ ಬರುತ್ತೆ ಅಂದಿದ್ರಿ,” ತೇಜಸ್ವಿನಿ ಕೇಳಿದಳು. “ಇದೂ ಅಂಥದೇ ಇರಬಹುದಲ್ಲ? ಪಾಪ, ಆ ಹುಡುಗಿ ಅದನ್ನೇ ನಿಜ ಅಂದ್ಕೊಂಡು...”

“ನಾನೂ ಹಾಗೇ ಅಂದ್ಕೊಂಡಿದ್ದೆ. ಐದು ನಿಮಿಷದೊಳಗೆ ನೋಡಿ ಬಿಸಾಕಬೇಕು. ಹಾಗೇ ಇಟ್ಟು ಸಂಜೆ ನೋಡಿದ್ರೆ ಒಣಗಿದ ಜಾಗದಲ್ಲಿ ಬೂದಿ ಬಣ್ಣದ ನೆರಳು ಕಾಣುತ್ತೆ. ಎಷ್ಟೋ ಹೆಣ್ಮಕ್ಕಳು ಅದನ್ನ ನೋಡಿ ಹೆದರಿ ಓಡಿ ಬರ್ತಾರೆ. ಆದ್ರೆ ಆ ನೆರಳಿಗೆ ಬಣ್ಣ ಇರಲ್ಲ. ಇದನ್ನ ನೋಡಿ, ಕುಂಕುಮ ಎಳೆದಂಗಿದೆ. ಇದು ನೆರಳಲ್ಲ, ಗೆರೆನೇ.”

ಕಾವ್ಯ ಎದ್ದು ಮೂರು ಹೊಸ ಪಟ್ಟಿಗಳನ್ನು ಹರಿದು ತೆಗೆದರು. ಹೆರಿಗೆ ವಾರ್ಡಿನಿಂದ ತರಿಸಿದ್ದ ಸಣ್ಣ ಬಾಟಲಿಯಲ್ಲಿ ಒಂದನ್ನು ಅದ್ದಿದರು. ಇನ್ನೊಂದನ್ನು ಕುಡಿಯುವ ನೀರಿನ ಲೋಟದಲ್ಲಿ.

ಬಿಳಿ ಪಟ್ಟಿಯ ಮೇಲೆ ಒದ್ದೆ ನಿಧಾನವಾಗಿ ಏರತೊಡಗಿತು, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ.

“ಬುಡದಲ್ಲಿ ಬಣ್ಣದ ಕಣಗಳಿರ್ತವೆ. ದ್ರವದ ಜೊತೆ ಅವೂ ಮೇಲೆ ಹೋಗ್ತವೆ. ದಾರಿಯಲ್ಲಿ ಬಸುರಿನ ಹಾರ್ಮೋನು ಸಿಕ್ಕಿದ್ರೆ ಕಚ್ಚಿ ಹಿಡೀತವೆ. ಮೊದಲ ಗೆರೆಯ ಜಾಗದಲ್ಲಿ ಆ ಹಾರ್ಮೋನಿಗಾಗೇ ಕಾದು ಕೂತಿರೋ ಪದಾರ್ಥ ಬಳಿದಿರ್ತಾರೆ. ಹಾರ್ಮೋನು ಹಿಡಿದ ಕಣ ಅಲ್ಲಿ ಸಿಕ್ಕಿಬೀಳುತ್ತೆ. ಹಾಗೆ ಸಿಕ್ಕಿಬಿದ್ದ ಬಣ್ಣವೇ ಗೆರೆಯಾಗಿ ಕಾಣೋದು. ಉಳಿದವು ಮುಂದೆ ಹೋಗಿ ಎರಡನೇ ಗೆರೆಯಲ್ಲಿ ನಿಲ್ತವೆ. ಆ ಎರಡನೇದು, ಪಟ್ಟಿ ಕೆಟ್ಟಿಲ್ಲ ಅನ್ನೋದಕ್ಕೆ ಸಾಕ್ಷಿ, ಅಷ್ಟೇ.”

“ನಾಕಾಬಂದಿ ಹಾಕಿದಂಗೆ,” ಎಂದಳು ತೇಜಸ್ವಿನಿ.

“ಹೂಂ. ಆದ್ರೆ ಈ ನಾಕಾಬಂದಿ ಗಾಡಿಯೊಳಗೆ ಏನಿದೆ ಅಂತ ಮಾತ್ರ ನೋಡುತ್ತೆ. ಗಾಡಿ ಯಾರದು ಅಂತ ಕೇಳಲ್ಲ.”

ವಾರ್ಡಿನ ಪಟ್ಟಿಯಲ್ಲಿ ಎರಡು ಗೆರೆ ಮೂಡಿತು. ನೀರಿನದರಲ್ಲಿ ಒಂದೇ. ಕಾವ್ಯ ಫ್ರಿಜ್ಜಿನಿಂದ ಹೆಬ್ಬೆರಳಿನಷ್ಟು ಗಾಜಿನ ಸೀಸೆ ತೆಗೆದರು. ಅದರೊಳಗಿನ ಪುಡಿಗೆ ಸಿರಿಂಜಿನಿಂದ ನೀರು ಬೆರೆಸಿ, ಅದೇ ಕುಡಿಯುವ ನೀರಿನ ಲೋಟಕ್ಕೆ ಒಂದೇ ಒಂದು ಹನಿ ಬಿಟ್ಟರು. ಮೂರನೇ ಪಟ್ಟಿಯನ್ನು ಅದ್ದಿದರು.

ಒದ್ದೆ ಏರಿತು. ಮೊದಲ ಗೆರೆ ಕೆಂಪಗೆ ಮೂಡಿತು, ಅದರ ಮೇಲೆ ಎರಡನೆಯದು.

“ನೋಡಿ,” ಕಾವ್ಯ ತಣ್ಣಗೆ ಅಂದರು. “ನೀರು ಬಸುರಾಯ್ತು.”

ಬಾಗಿಲ ಬಳಿ ಟೋಪಿ ಕೈಲಿ ಹಿಡಿದು ನಿಂತಿದ್ದ ದಫೇದಾರ್ ಪಾಲಯ್ಯ ಗಲ್ಲ ಗಲ್ಲ ಬಡಿದುಕೊಂಡ. ಅಂದು ಬಾವಿಕಟ್ಟೆಯ ಮೇಲಿದ್ದ ಬ್ಯಾಗನ್ನು ಮೊದಲು ಎತ್ತಿಕೊಂಡವನು ಅವನೇ. “ಶಿವ ಶಿವಾ. ಇಂಥದೂ ಐತಾ ತಾಯಿ?”

“ಇದು ಒಳ್ಳೆ ಔಷಧಿನೇ,” ಎಂದರು ಕಾವ್ಯ. “ಮಕ್ಕಳಾಗದವರಿಗೆ ಅಂಡ ಬಿಡುಗಡೆಯಾಗಲಿ ಅಂತ ಕೊಡೋ ಇಂಜೆಕ್ಷನ್. ಆದ್ರೆ ಇದನ್ನ ಹಾಕಿಸ್ಕೊಂಡ ಹೆಂಗಸು ಸುಮಾರು ಎರಡು ವಾರ ಪಟ್ಟಿ ನೋಡ್ಕೋಬಾರದು. ಹೊಟ್ಟೇಲಿ ಏನೂ ಇಲ್ಲದಿದ್ರೂ ಎರಡು ಗೆರೆ ಬರುತ್ತೆ. ಅವು ಮಗುವಿನ ಗೆರೆಗಳಲ್ಲ, ಸೂಜಿಯ ಗೆರೆಗಳು.”

ತೇಜಸ್ವಿನಿ ಟೋಪಿ ತೊಟ್ಟಳು. ದೀಪಾ ಕೆಲಸಕ್ಕಿದ್ದದ್ದು ಹೊಸದುರ್ಗದ ‘ಮಡಿಲು’ ಸಂತಾನ ಚಿಕಿತ್ಸಾಲಯದಲ್ಲಿ. ಲ್ಯಾಬಿನ ಹುಡುಗಿ. ಆ ಸೂಜಿ ಇರುವ ಫ್ರಿಜ್ಜಿನ ಪಕ್ಕದಲ್ಲೇ ಅವಳ ಕುರ್ಚಿ.

“ನೇರ ಹೊಸದುರ್ಗಕ್ಕೆ, ಪಾಲಯ್ಯನವರೇ. ಠಾಣೆಗೆ ಹೇಳೋದು ಬೇಡ, ಯಾರಿಗೂ ಹೇಳೋದು ಬೇಡ.”

“ನಾನ್ಯಾರಿಗೆ ಹೇಳಾನ ಮೇಡಂ. ಬರ್ರಿ.”

ಹೊಳಲ್ಕೆರೆ ದಾಟುವವರೆಗೂ ಅವಳು ಮನಸ್ಸಿನಲ್ಲೇ ಎಳೆ ಜೋಡಿಸುತ್ತಿದ್ದಳು. ಕೊಲೆಗಾರ ಪಟ್ಟಿಯನ್ನು ತಯಾರು ಮಾಡಿ ಇಟ್ಟ ಅನ್ನುವುದು ಖಚಿತವಾದಂತಿತ್ತು. ದೀಪಾಳಿಗೆ ‘ಮಡಿಲಿ’ನ ಯಾವುದೋ ಗುಟ್ಟು ಗೊತ್ತಾಗಿದೆ, ಬಾಯಿ ಮುಚ್ಚಿಸಿದ್ದಾರೆ, ಆಮೇಲೆ ಅವಳ ಹೆಣಕ್ಕೆ ಮಸಿ ಬಳಿದಿದ್ದಾರೆ. ಸತ್ತವಳನ್ನು ಕೆಟ್ಟವಳು ಅನ್ನಿಸಿಬಿಟ್ಟರೆ ಅವಳ ಪರವಾಗಿ ಕೇಳುವವರೇ ಇರುವುದಿಲ್ಲ. ಅವಳ ಅಪ್ಪ ಓಬಯ್ಯ ಮಗಳ ಮಣ್ಣಿಗೂ ತಲೆ ಎತ್ತಿಕೊಂಡು ಬಂದಿರಲಿಲ್ಲ. ತಾಯಿ ಮುದ್ದಕ್ಕ ಮಾತ್ರ ಠಾಣೆಯ ಮೆಟ್ಟಿಲ ಮೇಲೆ ಕೂತು, “ನನ್ ಮಗಳು ಅಂಥೋಳಲ್ಲ ಕಣವ್ವ” ಅಂತ ಗಂಟಲು ಬತ್ತುವವರೆಗೂ ಹೇಳಿದ್ದಳು.

ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರದ ರೆಕ್ಕೆಗಳು ತಿರುಗುತ್ತಿದ್ದವು. ಅವುಗಳ ಉದ್ದನೆಯ ನೆರಳು ರಸ್ತೆಯನ್ನು ಕುಡುಗೋಲಿನ ಹಾಗೆ ಬೀಸಿ ಬೀಸಿ ಹೋಗುತ್ತಿತ್ತು.

“ನಂಗೂ ಇಬ್ರು ಹೆಣ್ಮಕ್ಳು ಮೇಡಂ,” ಎಂದ ಜೀಪು ಓಡಿಸುತ್ತಿದ್ದ ಪಾಲಯ್ಯ ಇದ್ದಕ್ಕಿದ್ದಂತೆ. “ಆ ಕೂಸು ಬಾವೀಲಿ ಬಿದ್ದಿದ್ದು ನೋಡಿ ಮೂರು ದಿನ ಅನ್ನ ಸೇರಲಿಲ್ಲ ನಂಗೆ.”

ಅವನ ದನಿ ನಿಜವಾಗಿ ಕಟ್ಟಿತ್ತು. ತೇಜಸ್ವಿನಿ ತಲೆಯಾಡಿಸಿದಳು.

*

‘ಮಡಿಲು’ ಹೊಸದುರ್ಗದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಗುಲಾಬಿ ಬಣ್ಣದ ಗೋಡೆಯ ತುಂಬ ನಗುವ ಕೂಸುಗಳ ಪಟ. ಅವುಗಳ ಕೆಳಗೆ ಬೆಂಚಿನ ಮೇಲೆ ನಗದ ಹೆಂಗಸರ ಸಾಲು. ಕೆಲವರ ಜೊತೆ ಗಂಡ, ಹೆಚ್ಚಿನವರ ಜೊತೆ ಅತ್ತೆ.

ಸಾಲಿನಲ್ಲಿ ಒಬ್ಬಳ ಮುಖದಲ್ಲಿ ಮಾತ್ರ ಕಳೆಯಿತ್ತು. ಮುಡಿ ತುಂಬ ಹೂವು, ಕೈತುಂಬ ಹಸಿರು ಬಳೆ. ಪೊಲೀಸ್ ಉಡುಪು ಕಂಡು ಸರಿದು ಜಾಗ ಬಿಟ್ಟಳು.

“ಕುಂತ್ಕಳ್ರಿ ಮೇಡಂ. ನೀವೂ ತೋರಿಸ್ಕಳಾಕೆ ಬಂದ್ರಾ?”

ಅವಳ ಹೆಸರು ಲತಾ, ಊರು ಮತ್ತೋಡು. ಮದುವೆಯಾಗಿ ಎಂಟು ವರ್ಷ. ಪಕ್ಕದಲ್ಲಿದ್ದ ಅತ್ತೆ ಕಾಳಕ್ಕ ಕೇಳದಿದ್ದರೂ ತಾನೇ ಹೇಳಿದಳು. “ನಮ್ ಸೊಸೆ ಈಗ ಬಸುರಿ ಕಣ್ರಿ. ಈ ಅಮ್ಮಾರ ಕೈಗುಣ. ಎರಡು ಸಲ ನಿಂತು ನಿಂತು ಇಳಿದು ಹೋತು. ಈ ಸಲ ಬಿಡಲ್ಲ. ವಾರಕ್ಕೊಂದು ಶಕ್ತಿ ಇಂಜೆಕ್ಷನ್ ಹಾಕಿಸ್ತಾ ಇದೀವಿ.”

ತೇಜಸ್ವಿನಿ ಅವಳ ಕಡೆ ತಿರುಗಿದಳು. “ಬಸುರಿ ಅಂತ ಇಲ್ಲೇ ನೋಡಿ ಹೇಳಿದ್ರಾ?”

“ಇಲ್ಲ ತಾಯಿ. ಅಮ್ಮಾರು ಮೋಸ ಮಾಡೋರಲ್ಲ. ‘ನಿಮಗೆ ಬೇಕಾದ ಅಂಗಡೀಲಿ ಪಟ್ಟಿ ತಗಳ್ರಿ, ಬೆಳಿಗ್ಗೆ ಎದ್ದು ಮೊದಲನೇದ್ರಲ್ಲಿ ನೋಡ್ಕಳ್ರಿ’ ಅಂತಾರೆ. ನಾನೇ ಕೊಂಡು ತಂದೆ, ಇವ್ಳೇ ನೋಡಿದ್ಲು. ಎರಡು ಗೆರೆ!”

ತೇಜಸ್ವಿನಿಗೆ ಇಡೀ ವ್ಯಾಪಾರ ಒಂದೇ ಏಟಿಗೆ ಕಣ್ಣಮುಂದೆ ಬಿಚ್ಚಿಕೊಂಡಿತು. ಪಟ್ಟಿ ಇವರದೇ, ಮೂತ್ರ ಇವರದೇ, ಕಣ್ಣೂ ಇವರದೇ. ಸುಳ್ಳು ಮಾತ್ರ ಸೂಜಿಯೊಳಗಿಂದ ಬಂದದ್ದು. ಸೂಜಿ ನಿಲ್ಲಿಸಿದ ಕೆಲವು ದಿನಕ್ಕೆ ಗೆರೆ ಮಾಯವಾಗುತ್ತದೆ, ಮುಟ್ಟು ಬರುತ್ತದೆ, ‘ಇಳಿದು ಹೋಯಿತು’ ಅಂತ ಮನೆಯವರೆಲ್ಲ ಅಳುತ್ತಾರೆ. ಮತ್ತೆ ಮೊದಲಿನಿಂದ.

ಲತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದಳು. ತೇಜಸ್ವಿನಿ ಆ ನಗುವಿನಿಂದ ಕಣ್ಣು ತೆಗೆದಳು. ಎದ್ದು ಒಳಗೆ ನಡೆದಳು.

*

“ಬರ್ರಿ ಮೇಡಂ, ಬರ್ರಿ. ಬಿಸಿಲಾಗೆ ಬಂದೀರಿ. ಮಜ್ಜಿಗೆ ಕುಡೀರಿ.”

ಶಿವಗಂಗಮ್ಮ ಹಣೆ ತುಂಬ ವಿಭೂತಿ ಇಟ್ಟಿದ್ದಳು. ಅರವತ್ತರ ಆಸುಪಾಸು. ಒಂದು ಕಾಲಕ್ಕೆ ನರ್ಸ್ ಆಗಿದ್ದವಳು. ದಾವಣಗೆರೆಯಿಂದ ವಾರಕ್ಕೊಮ್ಮೆ ಬರುವ ಡಾಕ್ಟರ ಹೆಸರು ಬೋರ್ಡಿಗಷ್ಟೇ. ಊರಿಗೆಲ್ಲ ‘ಅಮ್ಮಾರು’ ಇವಳೇ.

ಮೇಜಿನ ಮೇಲೆ ಮಜ್ಜಿಗೆಯ ಲೋಟ ಆಗಲೇ ತುಂಬಿ ಕಾದಿತ್ತು.

ತೇಜಸ್ವಿನಿ ಕೂರಲಿಲ್ಲ. “ಇಂಜೆಕ್ಷನ್ ಇಡೋ ಫ್ರಿಜ್ ತೋರಿಸ್ರಿ.”

“ನೋಡ್ರಿ, ನೋಡ್ರಿ. ಮುಚ್ಚಿಡಾಕೆ ಏನೈತೆ?”

ಲ್ಯಾಬಿನ ಮೂಲೆಯ ಫ್ರಿಜ್ಜಿನ ಬಾಗಿಲು ತೆಗೆದಾಗ ಫಿನೈಲಿನ ಘಾಟು ಮುಖಕ್ಕೆ ಬಡಿಯಿತು. ಒಳಗೆ ಬರೀ ಬಿಳುಪು. ಒರೆಸಿದ ಬಟ್ಟೆಯ ಒದ್ದೆಗೆರೆ ಇನ್ನೂ ಆರಿರಲಿಲ್ಲ. ಆರದೇ ಇರುವಷ್ಟು ಹೊಸತು.

ನಾವು ಚಿತ್ರದುರ್ಗ ಬಿಟ್ಟದ್ದು ಇವಳಿಗೆ ಹೇಗೆ ಗೊತ್ತಾಯಿತು?

“ಕೆಟ್ಟೋಗಿತ್ತು,” ಎಂದಳು ಶಿವಗಂಗಮ್ಮ. “ಇವತ್ತೇ ತೊಳೆಸಿದೆ.”

“ದೀಪಾ ಯಾಕೆ ಸತ್ಲು?”

“ಪಾಪ, ಬಸುರಾಗಿತ್ತಂತೆ...”

“ಆಗಿರ್ಲಿಲ್ಲ. ನಿಮಗೂ ಅದು ಗೊತ್ತು. ಆ ಪಟ್ಟಿಯಲ್ಲಿ ಮೂತ್ರವೇ ಇಲ್ಲ. ನಿಮ್ಮ ಶಕ್ತಿ ಇಂಜೆಕ್ಷನ್ ಇದೆ, ನೀರಿದೆ. ಹೊರಗೆ ಕೂತಿದಾರಲ್ಲ, ಅವರಲ್ಲಿ ಎಷ್ಟು ಜನ ನಿಜವಾಗಿ ಬಸುರಿಯರು?”

ಶಿವಗಂಗಮ್ಮ ಬೆಚ್ಚಲಿಲ್ಲ. ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೂತಳು. ಮಾತು ಬಂದಾಗ ಅದರಲ್ಲಿ ಸಿಟ್ಟಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು.

“ನಿಮಗೆ ಮಕ್ಕಳವೆಯಾ ಮೇಡಂ?”

“ಅದು ಬೇಡ.”

“ಇಲ್ಲ ಅಂತಾತು. ಆದ್ರೆ ನಿಮ್ಮ ಮೈಮೇಲೆ ಖಾಕಿ ಐತೆ. ಯಾರೂ ಬಾಯಿಗೆ ಬಂದಂಗೆ ಅನ್ನಲ್ಲ. ಆ ಲತಾನ ಕೇಳ್ರಿ. ಎಂಟು ವರ್ಷ ಅವಳ ಕೈಯಾಗೆ ಯಾರೂ ಆರತಿ ಎತ್ತಿಸಿಲ್ಲ. ಕೂಸಿನ ತೊಟ್ಟಿಲ ಹತ್ರ ಬಿಟ್ಕಂಡಿಲ್ಲ. ಬಸುರಿ ಅಂದ ದಿನದಿಂದ ಅದೇ ಅತ್ತೆ ಅವಳಿಗೆ ಮೊಸರನ್ನ ಕಲೆಸಿ ಕೊಡ್ತಾಳೆ. ಗಂಡ ನೀರಿನ ಕೊಡ ಎತ್ತಾಕೆ ಬಿಡಲ್ಲ. ಮೂರು ತಿಂಗಳು! ಮೂರು ತಿಂಗಳು ಅವಳು ಮನುಷ್ಯಳಾಗಿ ಬಾಳ್ತಾಳೆ. ಅದನ್ನ ಕೊಡೋಳು ನಾನು. ತಪ್ಪೇನೈತೆ?”

“ಆಮೇಲೆ?”

“ಆಮೇಲೆ ಇಳಿದು ಹೋದ್ರೂ ‘ಒಂದ್ಸಲ ನಿಂತಿತ್ತಲ್ಲ’ ಅಂತಾರೆ. ಬಂಜೆ ಅನ್ನಲ್ಲ.”

“ಅವಳಿಗೆ ಬೇಕಾದ್ದು ಮಗು. ಆ ಎಂಟು ವರ್ಷ ನಿಜವಾದ ಡಾಕ್ಟರ ಹತ್ರ ಹೋಗಿದ್ರೆ ಆಗ್ತಿತ್ತೋ ಏನೋ. ಅದನ್ನೂ ಕಸ್ಕೊಂಡ್ರಿ ನೀವು.”

ಆ ಮಾತು ಎಲ್ಲಿಯೋ ನಾಟಿತು. ಮುದುಕಿಯ ಕೆನ್ನೆಯ ನರ ಒಮ್ಮೆ ಮಿಡಿಯಿತು.

“ದೀಪಾಗೆ ಇದು ಗೊತ್ತಾಯ್ತು. ಅದಕ್ಕೇ ಕೊಂದ್ರಿ. ಆಮೇಲೆ ಪಟ್ಟಿ ಅದ್ದಿ ಅವಳ ಬ್ಯಾಗಿಗೆ ಹಾಕಿದ್ರಿ.”

ಶಿವಗಂಗಮ್ಮ ನಕ್ಕಳು. “ಓದಿದೋರು ನೀವು, ಸ್ವಲ್ಪ ಯೋಚ್ನೆ ಮಾಡ್ರಿ. ಆ ಪಟ್ಟಿ ಯಾರ ಕಡೆ ಬೆರಳು ತೋರಿಸ್ತೈತೆ? ನನ್ನ ಕಡೆಗೆ. ನನ್ನ ಫ್ರಿಜ್ಜಿನ ಕಡೆಗೆ. ಅಂಥದ್ದನ್ನ ನಾನೇ ಹೆಣದ ಪಕ್ಕ ಇಟ್ಟು ಬರ್ತೀನಾ? ಸುಟ್ಟು ಬೂದಿ ಮಾಡ್ತಿರ್ಲಿಲ್ವಾ? ಯಾವ ದಡ್ಡ ಇಡ್ತಾನೆ ಹಂಗೆ!”

ಕೊನೆಯ ಮಾತಿನಲ್ಲಿ ಮೊದಲ ಬಾರಿ ಸಿಟ್ಟು ಕಾಣಿಸಿಕೊಂಡಿತು. ಅದು ತೇಜಸ್ವಿನಿಯ ಮೇಲಿನ ಸಿಟ್ಟಲ್ಲ. ಎಲ್ಲೋ ಇದ್ದ ಇನ್ಯಾರದೋ ಮೇಲಿನದು.

“ಯಾವ ದಡ್ಡ, ಅಮ್ಮಾರೇ?” ತೇಜಸ್ವಿನಿ ಮೆಲ್ಲಗೆ ಕೇಳಿದಳು. “ನಾನು ಬರೋದು ನಿಮಗೆ ಯಾರು ಹೇಳಿದ್ರು?”

ಶಿವಗಂಗಮ್ಮ ಮಜ್ಜಿಗೆಯ ಲೋಟವನ್ನು ಎತ್ತಿ ತಾನೇ ಗಟಗಟ ಕುಡಿದು ಖಾಲಿ ಮಾಡಿದಳು.

“ವಾರಂಟು ತಗಂಡು ಬರ್ರಿ. ಆಗ ಮಾತಾಡಾನ.”

*

ಬೀದಿಗೆ ಬಂದ ತೇಜಸ್ವಿನಿ ಬಿಸಿಲಿನಲ್ಲೇ ನಿಂತಳು. ಮುದುಕಿ ಹೇಳಿದ್ದರಲ್ಲಿ ನಿಜವಿತ್ತು. ಪಟ್ಟಿಯ ಮರ್ಮ ಗೊತ್ತಿದ್ದ ಕೊಲೆಗಡುಕ ಅದನ್ನು ಬಿಟ್ಟು ಹೋಗುವುದಿಲ್ಲ. ಹಾಗಾದರೆ ನೀರಿಗೆ ಸೂಜಿಯ ಹನಿ ಬಿಟ್ಟವರು ಯಾರು?

“ಮೇಡಂ.”

ಪಕ್ಕದ ಜೆರಾಕ್ಸ್ ಅಂಗಡಿಯ ಸಂದಿಯಲ್ಲಿ ಲತಾ ನಿಂತಿದ್ದಳು. ಒಬ್ಬಳೇ. ಬೆಂಚಿನ ಮೇಲೆ ಕಂಡ ನಗು ಮುಖದಲ್ಲಿ ಇರಲಿಲ್ಲ. ಕೈಯಲ್ಲಿ ಫೋನಿತ್ತು.

“ಅತ್ತೆಗೆ ಮೂತ್ರಕ್ಕೆ ಹೋಗ್ತೀನಿ ಅಂತ ಹೇಳಿ ಬಂದೀನಿ. ದೀಪಾ ವಿಷಯ ಕೇಳಾಕೆ ಬಂದಿದ್ದಲ್ವಾ ನೀವು?”

ತೇಜಸ್ವಿನಿ ಅವಳನ್ನು ಇನ್ನಷ್ಟು ಒಳಗೆ ಕರೆದುಕೊಂಡಳು. “ಹೇಳವ್ವ.”

“ಅವಳೇ ನಂಗೆ ಮೊದಲು ಹೇಳಿದ್ದು. ‘ಲತಕ್ಕ, ಇಂಜೆಕ್ಷನ್ ಹಾಕಿಸ್ಕಬೇಡ, ಎರಡು ವಾರ ಏನಾದ್ರೂ ನೆಪ ಹೇಳಿ ತಪ್ಪಿಸ್ಕ, ಆಮೇಲೆ ಪಟ್ಟಿ ನೋಡು’ ಅಂತ. ನಾನು ನಂಬಲಿಲ್ಲ. ಬೈದೆ. ಹೊಟ್ಟೆಕಿಚ್ಚಾ ನಿಂಗೆ ಅಂದೆ.” ಅವಳು ಬೀದಿಯ ಕಡೆ ಒಮ್ಮೆ ಇಣುಕಿದಳು. “ಆಗ ಲ್ಯಾಬಿನಾಗೆ ಯಾರೂ ಇಲ್ಲದಾಗ ನನ್ ಮುಂದೇನೇ ಲೋಟಕ್ಕೆ ನೀರು ಹಾಕಿ, ಆ ಸೂಜೀದು ಒಂದು ಹನಿ ಬಿಟ್ಟು, ಪಟ್ಟಿ ಅದ್ದಿದ್ಲು. ಎರಡು ಗೆರೆ ಬಂತು ಮೇಡಂ. ನೀರಿಗೆ!”

ತೇಜಸ್ವಿನಿ ಒಂದು ಹೆಜ್ಜೆ ಹತ್ತಿರ ಬಂದಳು. “ದೀಪಾನೇ ಅದ್ದಿದ್ಲಾ? ಆ ಪಟ್ಟಿ...”

“ಕೆರ್ಚೀಫಿನಾಗೆ ಸುತ್ತಿ ಬ್ಯಾಗಿಗೆ ಇಟ್ಕಂಡ್ಲು. ‘ಇದೇ ಸಾಕ್ಷಿ, ಪೊಲೀಸರಿಗೆ ಕೊಡ್ತೀನಿ’ ಅಂದ್ಲು.”

ಇಡೀ ಊರು ಅವಳ ಪಾಪ ಅಂತ ಓದಿದ ಆ ಎರಡು ಗೆರೆ, ಅವಳು ಬೇರೆ ಹೆಂಗಸರಿಗಾಗಿ ಹೊತ್ತು ತಂದಿದ್ದ ಸಾಕ್ಷಿಯಾಗಿತ್ತು. ಓಬಯ್ಯನ ತಗ್ಗಿದ ತಲೆ ತೇಜಸ್ವಿನಿಯ ಕಣ್ಣಿಗೆ ಕಟ್ಟಿತು.

“ಇಷ್ಟು ದಿನ ಯಾಕೆ ಹೇಳ್ಲಿಲ್ಲ ತಾಯಿ? ರಂಗೇಶ್ ಅನ್ನೋ ಹುಡುಗ ಸುಮ್ಮನೆ ಜೈಲಿಗೆ ಹೋಗ್ತಾನೆ.”

ಲತಾ ತಲೆ ತಗ್ಗಿಸಿದಳು. “ಅವಳು ಸತ್ತ ಮೇಲೆ ಹೆದರಿಕೆ ಆಗಿ ಹೋದ ವಾರದ್ದು, ಅದರ ಹಿಂದಿನ ವಾರದ್ದು ಇಂಜೆಕ್ಷನ್ ತಪ್ಪಿಸಿದೆ. ಜ್ವರ ಅಂತ ಸುಳ್ಳು ಹೇಳ್ದೆ. ಇವತ್ತು ಬೆಳಿಗ್ಗೆ ಪಟ್ಟಿ ನೋಡ್ದೆ.” ಕೈಬಳೆಯನ್ನು ತಿರುವಿದಳು. “ಒಂದೇ ಗೆರೆ.”

ಬೀದಿಯಲ್ಲಿ ಯಾರೋ ಸ್ಕೂಟರ್ ಒದ್ದು ಚಾಲು ಮಾಡಿದರು.

“ಆದ್ರೂ ಹೂ ಮುಡ್ಕಂಡು ಬಂದೆ. ಇನ್ನೊಂದ್ಸಲ ಸೂಜಿ ಚುಚ್ಚಲಿ, ಇನ್ನೊಂದ್ಸಲ ಎರಡು ಗೆರೆ ಬರಲಿ ಅಂತ. ಗೊತ್ತಿದ್ದೂ ಬಂದೆ ಮೇಡಂ. ಅಲ್ಲಿ ಕುಂತು ನೀವು ನನ್ ಮುಖ ನೋಡಿದ್ರಲ್ಲ, ಆಗ ದೀಪಾನೇ ನೋಡಿದಂಗಾತು.”

ತೇಜಸ್ವಿನಿ ಅವಳ ಕೈ ಹಿಡಿದುಕೊಂಡಳು. ಬಳೆಗಳು ಕಿಣಿಗುಟ್ಟಿದವು.

“ಇನ್ನೊಂದು ಐತೆ,” ಲತಾ ಕಣ್ಣೊರೆಸಿಕೊಂಡು ಫೋನು ಮುಂದೆ ಹಿಡಿದಳು. “ಅವಳು ಸತ್ತ ದಿನ ಕಳಿಸಿದ್ದು. ಪೊಲೀಸರಿಗೆ ಹೇಳಾಕೆ ಹೆದರಿದ್ದು ಇದಕ್ಕೇ. ಕೇಳ್ರಿ.”

ಅದೊಂದು ವಾಯ್ಸ್ ಮೆಸೇಜು. ತೇಜಸ್ವಿನಿ ಅದನ್ನು ಕಿವಿಗೆ ಒತ್ತಿ ಹಿಡಿದಳು. ಜೀವಂತವಾಗಿ ಎಂದೂ ಕೇಳಿರದ ದನಿ, ಅವಸರದಲ್ಲಿತ್ತು, ಹುಮ್ಮಸ್ಸಿನಲ್ಲಿತ್ತು.

“ಲತಕ್ಕ, ಹಿರಿಯೂರಿಗೆ ಬಂದು ಠಾಣೆಗೆ ಹೋದೆ ಕಣಕ್ಕ. ಮೇಡಂ ಸಿಗ್ಲಿಲ್ಲ, ಕೋರ್ಟಿಗೆ ಹೋಗವ್ರಂತೆ. ಆದ್ರೆ ಇಲ್ಲಿ ಒಬ್ರು ದೊಡ್ಡಪ್ಪನಂಗೆ ಕುಂದ್ರಿಸಿ ಎಲ್ಲ ಕೇಳ್ಕಂಡ್ರು. ಪಟ್ಟಿನೂ ತೋರಿಸ್ದೆ. ಮೇಡಂಗೆ ತಾವೇ ಹೇಳ್ತಾರಂತೆ. ಬಸ್ಸು ಹೋಗೈತೆ, ಊರಿಗೆ ನಾನೇ ಬಿಡ್ತೀನಿ ಅಂದ್ರು. ಜೀಪು ಹತ್ತೀನಿ ಈಗ. ನೀನು ಮಾತ್ರ...”

ಅಲ್ಲಿ ಹಿಂದಿನಿಂದ ಒಂದು ಗಂಡು ದನಿ ಕೇಳಿಸಿತು. ಮೃದುವಾದ, ತುಸು ಕಟ್ಟಿದ ದನಿ.

“ಯಾರಿಗವ್ವ ಹೇಳ್ತಿದ್ದಿ?”

ಮೆಸೇಜು ಮುಗಿಯಿತು.

ತೇಜಸ್ವಿನಿ ಮತ್ತೊಮ್ಮೆ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಆ ದಿನ ಕೋರ್ಟಿನಲ್ಲಿ ಸಾಕ್ಷಿ ಹೇಳಲು ತಾನೇ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗಿದ್ದಳು. ಜೀಪು ಠಾಣೆಯಲ್ಲೇ ಇತ್ತು. ಜೀಪಿನ ಕೀಲಿ ಯಾರ ಸೊಂಟದಲ್ಲಿರುತ್ತದೆ ಅನ್ನುವುದು ಠಾಣೆಯ ನಾಯಿಗೂ ಗೊತ್ತು. ಮುದುಕಿ ಬೈದ ‘ದಡ್ಡ’ ಅವನೇ; ಎರಡು ಗೆರೆ ಕಂಡರೆ ಊರು ಬಸುರು ಅನ್ನುತ್ತದೆ ಅಂತ ಪಟ್ಟಿಯನ್ನು ಬ್ಯಾಗಿನಲ್ಲೇ ಬಿಟ್ಟವನು, ಇವತ್ತು ಮುದುಕಿಗೆ ಸುದ್ದಿ ಮುಟ್ಟಿಸಿದವನು.

ಬೆರಳುಗಳು ತಾವಾಗಿಯೇ ಓಡಿದವು. ಮೆಸೇಜನ್ನು ತನ್ನ ಫೋನಿಗೆ ಕಳಿಸಿಕೊಂಡಳು, ಅಲ್ಲಿಂದ ಡಾಕ್ಟರ್ ಕಾವ್ಯಾಗೆ ದಾಟಿಸಿದಳು. ಕಾವ್ಯಾಗೆ ಕಳಿಸಿದ್ದರ ಪಕ್ಕದಲ್ಲಿ ಪುಟ್ಟ ಗಡಿಯಾರದ ಗುರುತು ಮೂಡಿತು. ಹೋಗಿರಲಿಲ್ಲ. ಸಂದಿಯಲ್ಲಿ ಸಿಗ್ನಲ್ ಅಷ್ಟರಲ್ಲೇ ಕಡಿದಿತ್ತು.

“ಲತಾ, ಈಗಲೇ ಅತ್ತೆ ಹತ್ರ ಹೋಗು. ಜನರ ನಡುವೆ ಇರು. ಒಬ್ಬಳೇ ಎಲ್ಲೂ ಹೋಗಬೇಡ, ಯಾವ ಪೊಲೀಸ್ ಕರೆದ್ರೂ ಹೋಗಬೇಡ. ನಾನಲ್ಲದೆ.”

ಅಷ್ಟರಲ್ಲಿ ಸಂದಿಯ ಬಾಯಿಗೆ ನೆರಳು ಕವಿಯಿತು. ಜೀಪು ಬಂದು ಅಡ್ಡ ನಿಂತಿತ್ತು. ಎಂಜಿನ್ ಗುರುಗುಡುತ್ತಿತ್ತು. ಪಾಲಯ್ಯ ಒಳಗಿನಿಂದಲೇ ಬಾಗಿ ಎಡಗಡೆಯ ಬಾಗಿಲು ತೆರೆದ.

“ಹತ್ರಿ ಮೇಡಂ. ಸಾಹೇಬ್ರು ಫೋನ್ ಮಾಡಿದ್ರು, ರಂಗೇಶನ್ನ ಕೋರ್ಟಿಗೆ ಒಯ್ಯಬೇಕಂತೆ. ಗುಡ್ಡದ ಮಗ್ಗುಲಾಗೆ ಒಂದು ಅಡ್ಡದಾರಿ ಐತೆ, ಬಿರ್ರನೆ ಹೋಗಾಣ.”

ಲತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೋಡೆಗೆ ಅಂಟಿದಳು. ಆ ದನಿ ಅವಳಿಗೂ ಗುರುತು ಸಿಕ್ಕಿತ್ತು.

ಹತ್ತದೆ ನಿಂತರೆ ಪಾಲಯ್ಯ ಇಳಿದು ಬರುತ್ತಾನೆ. ಇಳಿದು ಬಂದರೆ ಲತಾಳ ಮುಖ ನೋಡುತ್ತಾನೆ. ತೇಜಸ್ವಿನಿ ಸೊಂಟದ ಪಿಸ್ತೂಲನ್ನು ಒಮ್ಮೆ ಮುಟ್ಟಿಕೊಂಡಳು, ಫೋನನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು, ಹತ್ತಿ ಕೂತು ಬಾಗಿಲು ಎಳೆದುಕೊಂಡಳು.

ಪೇಟೆ ಹಿಂದೆ ಸರಿಯಿತು. ತೆಂಗಿನ ತೋಟಗಳು ಮುಗಿದವು. ಜೀಪು ಡಾಂಬರು ಬಿಟ್ಟು ಕೆಮ್ಮಣ್ಣಿನ ದಾರಿಗೆ ಹೊರಳಿತು. ಮುಂದೆ ಬೋಳುಗುಡ್ಡ, ತಿರುಗುವ ರೆಕ್ಕೆಗಳು, ಮತ್ತೆ ಯಾರೂ ಇಲ್ಲ.

“ಆ ಹೆಣ್ಮಗಳು ಯಾಕೆ ಅಳ್ತಿದ್ಲು ಮೇಡಂ?” ಪಾಲಯ್ಯ ಕೇಳಿದ.

ಅವನು ರಸ್ತೆ ನೋಡುತ್ತಿರಲಿಲ್ಲ. ಫೋನು ಹಿಡಿದ ಅವಳ ಮುಷ್ಟಿಯನ್ನು ನೋಡುತ್ತಿದ್ದ.